ನಮ್ಮೂರಲ್ಲಿದ್ದ ಗ್ರಹಗಳು

ವಿಶ್ವದ ಗ್ರಹಗಳೆಲ್ಲ ಮೊದಲು ನಮ್ಮೂರಲ್ಲೇ ಇದ್ದವು.
ವೇಲ್ಸಿನ ಉತ್ತರಕ್ಕೆ, ಮುಚ್ಚಿಹೋದ ಸ್ಲೇಟುಕಲ್ಲಿನ ಗಣಿಯಲ್ಲಿ.
ಸೋಮವಾರ ಅದು ಝೋರಿನ್, ಬುಧವಾರ ಅದರ ಶತ್ರುಗ್ರಹ.
ಕ್ಯಾಮೆರಾವನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದರೆ ಮುಗಿಯಿತು,
ಮೂರು ಜ್ಯೋತಿರ್ವರ್ಷ.
ಎಲ್ಲಿ ಇಳಿದರೂ ಅದೇ ಬೂದಿಬಣ್ಣ, ಅದೇ ಜಿಟಿಜಿಟಿ ಹನಿ.
ಸೃಷ್ಟಿಯೆಲ್ಲ ಹೀಗೇ ತೊಯ್ದಿರುತ್ತದೆಂದು
ಎಂಟು ವರ್ಷದ ನಾನು ನಂಬಿದ್ದೆ.

ಅಪ್ಪ ಆ ಗಣಿಯಲ್ಲಿ ಹತ್ತೊಂಬತ್ತು ವರ್ಷ ಕಲ್ಲು ಸೀಳಿದವನು.
ಗಣಿ ಮುಚ್ಚಿದ ಮೇಲೆ ಅಲ್ಲೇ
ರಬ್ಬರಿನ ತಲೆ ತೊಟ್ಟು ಸತ್ತ.
ಒಟ್ಟು ಆರು ಸಲ. ಸಲಕ್ಕೆ ಹನ್ನೆರಡು ಪೌಂಡು, ಮೇಲೆ ಊಟ.
"ಬದುಕಿದ್ದಾಗ ಕೊಟ್ಟದ್ದಕ್ಕಿಂತ ವಾಸಿ" ಅನ್ನುತ್ತಿದ್ದ.
ಶನಿವಾರ ಸಂಜೆ ಐದೂಮುಕ್ಕಾಲಿಗೆ ಮನೆಮಂದಿಯೆಲ್ಲ ಸಾಲಾಗಿ ಕೂತು
ಅವನು ಸಾಯುವುದನ್ನು ನೋಡಿ ಚಪ್ಪಾಳೆ ತಟ್ಟಿದೆವು.

ತಾರಾ ಟಪ್ಪಾಲು. ಕಥೆ ಇಷ್ಟೇ:
ನಕ್ಷತ್ರದಿಂದ ನಕ್ಷತ್ರಕ್ಕೆ ಕಾಗದ ಹಂಚುವ ಒಂದು ಮುದಿ ನೌಕೆ,
ಕಾಗದ ವಿಂಗಡಿಸುವ ಒಂದು ಗೊಣಗುವ ಯಂತ್ರ
(ಅದರ ಎದೆ, ಆಣೆಗೂ, ಗ್ವೆನ್‌ಲಿಯನ್ ಚಿಕ್ಕಮ್ಮನ
ಬಟ್ಟೆ ತೊಳೆಯುವ ಮೆಷೀನಿನ ಬಾಗಿಲು),
ಮತ್ತೆ ಚೀಲದ ತಳದಲ್ಲಿ
ವಿಳಾಸವಿಲ್ಲದ ಒಂದು ನೀಲಿ ಲಕೋಟೆ.

ನಲವತ್ತೊಂದು ವರ್ಷ.
ಟುಡುರನ ಮೀನಂಗಡಿಯ ಮಹಡಿಯಲ್ಲಿ ಈಗಲೂ ಸೇರುತ್ತೇವೆ,
ಒಂಬತ್ತು ಜನ, ಹಬೆಗೆ ಮಂಜಾದ ಕಿಟಕಿ, ವಿನೆಗರಿನ ವಾಸನೆ.
ಹೆದ್ವಿನ್ ಹೇಳುತ್ತಾನೆ, ಇಪ್ಪತ್ತಾರನೇ ವರ್ಷಕ್ಕೇ ಅದು ಸತ್ತುಹೋಯಿತು.
ಹದಿನೈದು ವರ್ಷದಿಂದ ಪ್ರತಿ ಶನಿವಾರ ಆ ಹೆಣದ ಮುಂದೆ ಕೂತು
ಎರಡೆರಡು ಕಪ್ ಚಹಾ ಕುಡಿದು ಹೋಗುತ್ತಾನೆ.
ಬಯ್ಯುವವರು ಬದುಕಲಿಕ್ಕೇ ಹೇಳುತ್ತಾರೆ ಅಂತಾರಲ್ಲ, ಹಾಗೆಂದುಕೊಂಡು
ನಾವೆಲ್ಲ ಬಯ್ಯುತ್ತೇವೆ: ಸಂಗೀತ ಜೋರಾಯಿತು,
ಮಾತು ಹೆಚ್ಚಾಯಿತು, ಹೊಸ ಕಪ್ತಾನೆ ಸುಮ್ಮಸುಮ್ಮನೆ ಅಳುತ್ತಾಳೆ.
"ನಮ್ಮ ಕಾಲದಲ್ಲಿ ಯಾರೂ ಅಳುತ್ತಿರಲಿಲ್ಲ."
"ಹೇಗೆ ಅಳುತ್ತಾರೆ, ಎಲ್ಲರದೂ ರಬ್ಬರಿನ ಮುಖ" ಎಂದಳು ಮಾಬ್ಲಿ.
ಹದಿನಾಲ್ಕರ ಹುಡುಗಿ. ಹೋದ ಚಳಿಗಾಲ ತಾನಾಗಿ ಮೆಟ್ಟಿಲು ಹತ್ತಿ ಬಂದವಳು.
ಅವಳ ಪಾಲಿಗೆ ವಿಶ್ವ ಶುರುವಾಗಿ ಮೂರೇ ವರ್ಷ.

ಈಗ ಗ್ರಹಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ.
ಎರಡೆರಡು ಸೂರ್ಯ, ನೇರಳೆ ಕಡಲು, ಗಾಜಿನ ಹುಲ್ಲು.
ಚೆಂದ. ಒಪ್ಪುತ್ತೇನೆ.
ಬಿದ್ದರೆ ಮೊಣಕಾಲು ತರಚದ ಗ್ರಹಗಳು.
ಗಣಿಗೆ ಈಗ ಪ್ರವಾಸಿಗಳು ಬರುತ್ತಾರೆ,
ತಂತಿಗೆ ಜೋತುಬಿದ್ದು ಕಿರುಚುತ್ತ
ಝೋರಿನ್ನಿನ ಮೇಲೆ ಹಾದುಹೋಗುತ್ತಾರೆ, ಅದೆಂದು ತಿಳಿಯದೆ.

ಹೋದ ವಾರ ಲಕೋಟೆ ಒಡೆದರು.
ಒಳಗೇನಿತ್ತು ಹೇಳುವುದಿಲ್ಲ, ನೀವಿನ್ನೂ ನೋಡಿರಲಿಕ್ಕಿಲ್ಲ.
ಹೆದ್ವಿನ್ ತಟ್ಟೆ ಬಿಟ್ಟು ಎದ್ದ. ಮೆಟ್ಟಿಲ ಮೇಲೆ
ಅವನ ಬೂಟಿನ ಸದ್ದು ಅರ್ಧಕ್ಕೆ ನಿಂತು, ಆಮೇಲೆ ಇಳಿಯಿತು.
ಟುಡುರ್ ಕನ್ನಡಕ ಒರೆಸಿದ. ನನಗೆ
ಸಿಟ್ಟು ಬಂತೋ ಹಗುರವಾಯಿತೋ, ಇವತ್ತಿಗೂ ಗೊತ್ತಿಲ್ಲ;
ಎಷ್ಟೋ ವರ್ಷ ಅಲ್ಲಾಡುತ್ತಿದ್ದ ಹಲ್ಲು ಬಿದ್ದ ಜಾಗವನ್ನು
ನಾಲಗೆ ಹುಡುಕಿದ ಹಾಗೆ.

ಕಾಗದ ಬಿಚ್ಚುವ ಮೊದಲು, ನೆನಪೆಂಬಂತೆ,
ಹಳೆಯ ತುಣುಕುಗಳನ್ನು ಸರಸರ ತೋರಿಸಿದ್ದರು.
ಒಂದರಲ್ಲಿ ಬೂದಿಬಣ್ಣದ ಇಳಿಜಾರು, ಒಂದು ರಬ್ಬರಿನ ತಲೆ,
ಗುಂಡು ಹಾರುವ ಮುಂಚೆಯೇ ಬಿದ್ದುಬಿಡುತ್ತದೆ.
ಮಾಬ್ಲಿ ನಕ್ಕುಬಿಟ್ಟಳು. "ಯಾರಿದು, ಸಾಯಲಿಕ್ಕೂ ಬಾರದವನು?"
ಅಪ್ಪ, ಎಂದೆ.

ಅವಳು ರಿಮೋಟು ಎತ್ತಿಕೊಂಡಳು, ಹಿಂದಕ್ಕೆ ಹಾಕಿದಳು.
ಅಪ್ಪ ಎದ್ದು ನಿಂತ.
ಮತ್ತೆ ಬಿದ್ದ. ಮತ್ತೆ ಎದ್ದ.
ನಾಲ್ಕನೇ ಸಲ ನೋಡುವಾಗ ಅವಳೆಂದಳು:
ಬೀಳುವ ಮುಂಚೆ ಕೈಯಿಂದ ಕಲ್ಲು ತಡವುತ್ತಾನೆ, ನೋಡಿ,
ಎಲ್ಲಿ ಚೂಪಿಲ್ಲವೆಂದು.
ನಲವತ್ತು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಮುಂದಿನ ಶನಿವಾರ ಹೋಗುವುದು ಬೇಡ ಅಂದುಕೊಂಡಿದ್ದೇನೆ.
ಹೆದ್ವಿನ್ ಫೋನು ಮಾಡಿದ್ದ. ಅವನೂ ಬರುವುದಿಲ್ಲವಂತೆ, ಖಂಡಿತ.
ಕಿಟಕಿ ಪಕ್ಕದ ಕುರ್ಚಿ ಹಿಡಿದಿಡು ಅಂದ.